ಬೇವು ಕಟ್ಟಿದ ಬಾಗಿಲು

ನನ್ನ ನಾದಿನಿ ತನ್ನ ಮಗಳನ್ನು ಕರೆದುಕೊಂಡು ಮಸ್ಕತ್‌ನಿಂದ ಕಣಕಟ್ಟೆಗೆ ಬಂದಿಳಿದಾಗ ಆ ಹುಡುಗಿಯ ಕಣ್ಣು ಕೆಂಪಗಿತ್ತು, ಮೂಗು ಸೋರುತ್ತಿತ್ತು, ಮೈ ಸುಡುತ್ತಿತ್ತು. ವಿಮಾನದ ಎ.ಸಿ. ಗಾಳಿ ಅಂದಳು ನಾದಿನಿ. ನಾವೂ ತಲೆಯಾಡಿಸಿದೆವು. ನನ್ನ ಏಳು ತಿಂಗಳ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಆ ಹುಡುಗಿ ಸಂಜೆಯೆಲ್ಲ ಮುದ್ದಾಡಿತು.

ಮಾರನೆಯ ದಿನ ಆ ಹುಡುಗಿಯ ಕಿವಿಯ ಹಿಂದೆ, ಹಣೆಯ ಮೇಲೆ ಕೆಂಪು ದದ್ದು. ದಡಾರ. ನಮ್ಮನೆಯಲ್ಲಿ ಆ ಹೆಸರು ಬಾಯಿಗೆ ಬರಬಾರದು. "ಅಮ್ಮ ಬಂದವ್ಳೆ" ಎಂದು ನಮ್ಮತ್ತೆ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ಒಗ್ಗರಣೆ ನಿಲ್ಲಿಸಿದರು. ಹೊರಗಿನವರು ಒಳಗೆ ಬರುವಂತಿಲ್ಲ, ಒಳಗಿನವರು ಹೊಸ್ತಿಲು ದಾಟುವಂತಿಲ್ಲ. ಊರಿಗೆ ಒಳ್ಳೆಯದೇ, ಬಿಡಿ. ಆದರೆ ನನ್ನ ಮಗು ಒಳಗೇ ಸಿಕ್ಕಿಬಿತ್ತಲ್ಲ!

ದಡಾರದ ಸೂಜಿ ಹಾಕುವುದು ಒಂಬತ್ತು ತಿಂಗಳು ತುಂಬಿದ ಮೇಲೆ. ನನ್ನ ಮಗಳಿಗಿನ್ನೂ ಏಳೇ. ಬಾಣಾವರದ ತವರಿಗೆ ಓಡಿಬಿಡೋಣವೆಂದು ಬ್ಯಾಗು ತುಂಬಿದೆ. ಹೊರಡುವ ಮುಂಚೆ ಆರೋಗ್ಯ ಕೇಂದ್ರದ ಸಿಸ್ಟರ್‌ಗೆ ಫೋನ್ ಮಾಡಿದ್ದು ನನ್ನ ಪುಣ್ಯ.

"ಬಸ್ ಹತ್ಬೇಡಿ ಕಣ್ರೀ! ಪಾಪೂಗೆ ಆಗ್ಲೇ ಅಂಟಿದ್ರೆ ಅಲ್ಲಿ ನಿಮ್ಮಣ್ಣನ ಮಕ್ಕಳಿಗೂ ಹಬ್ಬುತ್ತೆ. ಮಸ್ಕತ್ತಿಂದ ಇಲ್ಲೀಗಂಟ ಬಂದಿರೋದೇ ಸಾಕು. ಆ ಹುಡುಗೀನ ಬೇರೆ ರೂಮಲ್ಲಿಡಿ. ಇಂಥ ಹೊತ್ತಲ್ಲಿ ಆರು ತಿಂಗಳು ತುಂಬಿದ್ರೂ ಸೂಜಿ ಹಾಕ್ತಾರೆ. ಡಾಕ್ಟರನ್ನ ಕೇಳ್ಕೊಂಡು ನಾನೇ ಬತ್ತೀನಿ."

ಹೋಗುವ ಹಾಗಿಲ್ಲ, ಇರುವ ಹಾಗಿಲ್ಲ. ಮಗುವನ್ನು ಎದೆಗವಚಿಕೊಂಡು ಅಡುಗೆಮನೆಯ ಮೂಲೆಯಲ್ಲಿ ಕೂತೆ. ಅದು ಒಂದು ಸೀನು ಸೀನಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಸಿಸ್ಟರ್ ಬಂದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು. "ಅಮ್ಮ ಮನೇಲವ್ಳೆ. ಈಗ ಸೂಜಿ ಚುಚ್ಚಿದ್ರೆ ಮುನಿಸ್ಕೊತಾಳೆ. ಮೊಸರನ್ನದ ಎಡೆ ಇಟ್ಟು ತಂಪು ಮಾಡೋಗಂಟ ಸುಮ್ನಿರವ್ವ."

ನನಗೆ ಪಿತ್ತ ನೆತ್ತಿಗೇರಿತು. "ಮುನಿಸ್ಕೊಂಡ್ರೆ ಮುನಿಸ್ಕೊಳ್ಲಿ! ನನ್ ಮಗಳಿಗೆ ಏನಾದ್ರೂ ಆದ್ರೆ ನಿಮ್ಮಮ್ಮ ತಂದ್ಕೊಡ್ತಾಳಾ ಅತ್ತೆ?" ಅತ್ತೆಗೆ ನಾನು ಎದುರಾಡಿದವಳೇ ಅಲ್ಲ ಎಂದರೆ ಊರೇ ನಕ್ಕೀತು. ಆದರೆ ಜಗಳಕ್ಕೆ ದೇವರನ್ನು ಎಳೆದು ತಂದದ್ದು ಅದೇ ಮೊದಲು. ನಾಲಿಗೆ ಕಚ್ಚಿಕೊಂಡೆ.

ಅತ್ತೆ ಬೈಯಲಿಲ್ಲ. ತಲೆ ಎತ್ತಿ ಬೇವಿನ ಸೊಪ್ಪನ್ನೇ ನೋಡಿದರು. "ನಿನ್ ಗಂಡನಿಗಿಂತ ಮುಂಚೆ ನಂಗೊಂದು ಕೂಸಿತ್ತು ಕಣವ್ವ. ಅಮ್ಮ ಬಂದಾಗ ಹಿಂಗೇ ಸೊಪ್ಪು ಕಟ್ಟಿದ್ದೆ. ಉಸ್ರು ಕಟ್ತಿದ್ರೂ ಹೊಸ್ಲು ದಾಟಿಸ್ಲಿಲ್ಲ."

ಮದುವೆಯಾಗಿ ಇಷ್ಟು ವರ್ಷವಾದರೂ ಆ ಕೂಸಿನ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಅತ್ತೆ ಪಕ್ಕಕ್ಕೆ ಸರಿದರು. ಮಗುವನ್ನು ತಾವೇ ಇಸಿದುಕೊಂಡು ತೊಡೆಯ ಮೇಲೆ ಬಿಗಿಯಾಗಿ ಹಿಡಿದು ಕೂತರು. ಸಿಸ್ಟರ್ ಸೂಜಿ ಹಾಕಿ, ನಾದಿನಿಯ ಮಗಳನ್ನೂ ನೋಡಿ ಔಷಧಿ ಕೊಟ್ಟು ಹೋದರು.

ಹೆದರಿಕೆ ಅಷ್ಟಕ್ಕೇ ಹೋಗಲಿಲ್ಲ. ಬೆಳಗಾದರೆ ಮಗುವಿನ ಕಿವಿಯ ಹಿಂದೆ ನೋಡುವುದೇ ಕೆಲಸವಾಯಿತು. ನಾನು ಏಳುವಷ್ಟರಲ್ಲಿ ಅತ್ತೆ ಆಗಲೇ ಅದನ್ನು ಬಿಸಿಲಿಗೆ ತಿರುಗಿಸಿ ನೋಡುತ್ತಿರುತ್ತಿದ್ದರು. ಅಷ್ಟರಲ್ಲಿ ಆ ಹುಡುಗಿ ಚೇತರಿಸಿಕೊಂಡಿತು. ನನ್ನ ಮಗಳಿಗೆ ಇನ್ನು ಭಯವಿಲ್ಲ ಎಂದು ಸಿಸ್ಟರ್ ಹೇಳಿದ ಮೇಲೆಯೇ ಅತ್ತೆ ಬೇವು ಬಿಚ್ಚಿದ್ದು.

ತಂಪಿನ ದಿನ ಕೇರಿಯ ಮಕ್ಕಳನ್ನೆಲ್ಲ ಕೂರಿಸಿ ಮೊಸರನ್ನ ಬಡಿಸುವುದು ನಮ್ಮಲ್ಲಿ ನಡೆದುಬಂದದ್ದು. ಈ ಸಲ ಅತ್ತೆ ಯಾರನ್ನೂ ಕರೆಯಲಿಲ್ಲ. ಅಮ್ಮನಿಗೆ ಒಳಗೆ ಒಂದು ಎಡೆ ಇಟ್ಟರು. ಆಮೇಲೆ ಅಂಗೈಯಗಲದ ಇನ್ನೊಂದು ಎಲೆಗೆ ಕೂಸು ತಿನ್ನುವಷ್ಟು ಒಂದು ತುತ್ತು ಹಾಕಿಕೊಂಡು ಎದ್ದು, ಹೊಸ್ತಿಲು ದಾಟಿ, ಅದನ್ನು ಆಚೆಗಿಟ್ಟರು.