ರಂಗಸ್ಥಳ ಬೇರೆ, ಚೌಕಿ ಬೇರೆ

ಲೋಲಾಕ್ಷಿಗೆ ಸುಮ್ಮನೆ ಕೂರುವುದೆಂದರೆ ಆಗದು. ಕೈ ಕಟ್ಟಿ ಕೂರಿಸಿದರೆ ಕಾಲು ಕುಣಿಯುತ್ತದೆ, ಕಾಲು ಕಟ್ಟಿದರೆ ಬಾಯಿ ಕುಣಿಯುತ್ತದೆ ಎಂದು ಗಂಡ ರಮಾನಾಥ ತಮಾಷೆ ಮಾಡುತ್ತಾನೆ. ಮಾತು ಸುಳ್ಳಲ್ಲ. ಕೋಟದ ಕಡೆಯ ಹೆಣ್ಣು. ಅಪ್ಪ ಯಕ್ಷಗಾನ ಮೇಳದಲ್ಲಿ ಮದ್ದಳೆ ಬಾರಿಸುತ್ತಿದ್ದವರು. ಅವರು ಜಗಲಿಯಲ್ಲಿ ಊರ ಹುಡುಗರಿಗೆ ಹೆಜ್ಜೆ ಹೇಳಿಕೊಡುವಾಗ ಇವಳು ಒಳಗೆ ಕಾಯಿ ತುರಿಯುತ್ತಲೇ ಅಷ್ಟನ್ನೂ ಕಲಿತಳು. ಆಗೆಲ್ಲ ಹೆಣ್ಣುಮಕ್ಕಳು ಕುಣಿಯುವುದುಂಟೇ! ಮದುವೆಯಾಗಿ ದೆಹಲಿಗೆ ಬಂದಳು, ಪೀತಮ್‌ಪುರದ ಮಾರ್ಕೆಟ್ಟಿನಲ್ಲಿ ಗಂಡ ಪುಟ್ಟ ಹೋಟೆಲು ಇಟ್ಟ, ಚಟ್ನಿ ರುಬ್ಬುತ್ತ ರುಬ್ಬುತ್ತ ತಲೆ ನರೆಯಿತು. ಹೆಜ್ಜೆ ಮಾತ್ರ ಮರೆಯಲಿಲ್ಲ.

ಅವರ ಮನೆ ಮಾರ್ಕೆಟ್ಟಿನಿಂದ ಸ್ವಲ್ಪ ಹಿಂದಕ್ಕೆ, ಒಂದು ಹಳೇ ಕಾಲೊನಿಯಲ್ಲಿ. ಯಾವ್ಯಾವುದೋ ಜೋಪಡಿಗಳನ್ನು ಎಬ್ಬಿಸಿ, ಅಂಗೈಯಗಲ ಜಾಗ ಕೊಟ್ಟು ಸರ್ಕಾರ ತಂದು ಕೂರಿಸಿದ ಜನರ ಕಾಲೊನಿ ಅದು. ಬಿಹಾರದವರು, ಬಂಗಾಳದವರು, ಮೊರಾದಾಬಾದಿನವರು, ಮಧ್ಯದಲ್ಲಿ ಇವರದೊಂದೇ ಕನ್ನಡದ ಮನೆ. ಗಲ್ಲಿಯ ಬಾಯಿಗೇ ಢಲಾವ್. ಹಾಗೆಂದರೆ ಕಸದ ಮನೆ: ಮೂರು ಗೋಡೆ, ಮೇಲೊಂದು ಸೂರು, ಒಳಗೆ ಇಡೀ ಕಾಲೊನಿಯ ಕೊಳೆ. ನೆಂಟರಿಗೆ ವಿಳಾಸ ಹೇಳುವಾಗ ಲೋಲಾಕ್ಷಿ ಅದರ ಹೆಸರೆತ್ತುತ್ತಿರಲಿಲ್ಲ. ಮೂಗೇ ದಾರಿ ತೋರಿಸುತ್ತಿತ್ತು ಬಿಡಿ.

ಸರ್ಕಾರಕ್ಕೆ ಅದ್ಯಾವ ಗಳಿಗೆಯಲ್ಲಿ ಬುದ್ಧಿ ಬಂತೋ, ಹೋದ ವರ್ಷ ಗಲ್ಲಿಗೆ ಕಲ್ಲು ಹಾಸಿದರು, ಚರಂಡಿ ಮುಚ್ಚಿದರು, ದೀಪದ ಕಂಬ ನೆಟ್ಟರು. ಕಸ ಒಯ್ಯಲು ಮನೆಬಾಗಿಲಿಗೇ ಗಾಡಿ ಬಂತು. ಢಲಾವನ್ನು ತೊಳೆದು, ಒಂದು ಪಕ್ಕಕ್ಕೆ ವೇದಿಕೆ ಕಟ್ಟಿ, ಹಳದಿ ಬಣ್ಣ ಬಳಿದು, ಕಲಾಭವನ ಎಂದು ಹೆಸರಿಟ್ಟರು. ಇಂಜಿನಿಯರ್ ಹೆಂಗಸು ಬಂದು, "ಇದು ಗಲ್ಲಿಯ ಎಲ್ಲರದ್ದೂ. ಯಾರು ಏನು ಕಲಿಸುತ್ತೀರಿ, ಹೇಳಿ," ಎಂದು ಕೇಳಿದಾಗ ಗಂಡಸರು ಮುಖಮುಖ ನೋಡಿಕೊಂಡರು. ಅವರ ತಲೆಯಲ್ಲಿದ್ದದ್ದು ಇಸ್ಪೀಟು. ಲೋಲಾಕ್ಷಿ ಕೈ ಎತ್ತಿಯೇಬಿಟ್ಟಳು.

"ಏ ಮಾರಾಯ್ತಿ, ಈ ಮಕ್ಕಳಿಗೆ ಯಕ್ಷಗಾನವಾ?" ರಮಾನಾಥ ತಲೆ ಚಚ್ಚಿಕೊಂಡ.

"ಕಾಲು ಎಲ್ಲರಿಗೂ ಇದೆಯಲ್ಲ, ನಿಮಗೇನು ಕಷ್ಟ?"

ಹೀಗೆ ಶುರುವಾಯಿತು. ದಿನಾ ಸಂಜೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದಿಯಲ್ಲಿ ಬೈಯುತ್ತ, ಕನ್ನಡದಲ್ಲಿ ತಾಳ ಹೇಳುತ್ತ ಅವಳು ಕಲಿಸುವುದನ್ನು ನೋಡಲಿಕ್ಕೇ ಜನ ಸೇರುತ್ತಿದ್ದರು. ಎಲ್ಲರಿಗಿಂತ ಚುರುಕು ಟೈಲರ್ ತೌಫೀಕನ ಮಗಳು ಮೆಹನಾಜ್. ಮೊಣಕಾಲು ಮಡಚಿ ಗಾಳಿಯಲ್ಲಿ ತಿರುಗುವ ಧೀಂಗಿಣ ಇದೆಯಲ್ಲ, ಊರಿನ ಹುಡುಗರೇ ವರ್ಷಗಟ್ಟಲೆ ಒದ್ದಾಡುತ್ತಾರೆ. ಈ ಹುಡುಗಿ ಮಳೆಗಾಲ ಮುಗಿಯುವುದರೊಳಗೆ ಬುಗುರಿಯ ಹಾಗೆ ತಿರುಗತೊಡಗಿದಳು. ಲೋಲಾಕ್ಷಿಗೆ ಅವಳೆಂದರೆ ಪ್ರಾಣ. ತನ್ನ ಕಾಲಲ್ಲಿ ಇಷ್ಟು ವರ್ಷ ಮುದುಡಿ ಕೂತಿದ್ದದ್ದು ಆ ಹುಡುಗಿಯ ಕಾಲಲ್ಲಿ ಎದ್ದು ನಿಂತಿತಲ್ಲ ಎಂದು ಅವಳಿಗೆ ಹೊಟ್ಟೆ ತುಂಬುವಷ್ಟು ಸಂತೋಷ.

ಆದರೆ ಹಳೇ ಚಾಳಿ ಎಲ್ಲಿ ಹೋಗುತ್ತದೆ? ಬೆಳಗಾದರೆ ವೇದಿಕೆಯ ಮೇಲೆ ಯಾರದೋ ಕಸದ ಚೀಲ. ಗಾಡಿ ಬರುವತನಕ ಕಾಯುವ ತಾಳ್ಮೆ ಯಾರಿಗೂ ಇಲ್ಲ. ಹೀಗೇ ಆದರೆ ಮತ್ತೆ ಢಲಾವ್ ಮಾಡಿಬಿಡುತ್ತೇವೆ ಎಂದು ಇಂಜಿನಿಯರ್ ಗದರಿದ ದಿನ ಲೋಲಾಕ್ಷಿಗೆ ಒಂದು ಉಪಾಯ ಹೊಳೆಯಿತು. ಅಪ್ಪನ ಕಾಲದ ಹಿತ್ತಾಳೆ ಗಣಪತಿಯನ್ನು ತಂದು ವೇದಿಕೆಯ ಗೋಡೆಯ ಗೂಡಿನಲ್ಲಿಟ್ಟಳು. ಹೇಗೂ ಗಣಪತಿಗೆ ಕೈಮುಗಿಯದೆ ಹೆಜ್ಜೆ ಶುರುವಾಗುವುದಿಲ್ಲ, ಕಾವಲಿಗೂ ಆಯಿತು. ಮಾರನೆಯ ದಿನ ನೋಡಿದರೆ, ಅಬ್ಬಾ, ಒಂದು ಕಡ್ಡಿ ಕಸವಿಲ್ಲ!

ಲೋಲಾಕ್ಷಿ ಬೀಗಿದಳು. ಬೀಗಿದ್ದು ಒಂದೇ ವಾರ. ಮೊದಲು ಚೆಂಡುಹೂವಿನ ಹಾರ ಬಂತು, ಆಮೇಲೆ ಊದುಬತ್ತಿ, ಆಮೇಲೆ ಗಂಟೆ. ರಿಟೈರಾದ ವಾಚ್‌ಮನ್ ದುಬೆಜಿ ಕೆಂಪು ಶಾಲು ಹೊದ್ದು ಗೂಡಿನ ಪಕ್ಕ ಕೂತರು. ಚಪ್ಪಲಿ ಹೊರಗೆ ಬಿಡಿ ಎಂದರು, ಸರಿ. ಆರತಿ ಹೊತ್ತು, ಮಕ್ಕಳು ಗಲಾಟೆ ಮಾಡಬೇಡಿ ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಅದೇ ಕಥೆ. ಹೆಜ್ಜೆಯ ಕ್ಲಾಸು ಮೂಲೆಗೆ ಸರಿಯಿತು. ಒಂದು ಸಂಜೆ ಮೆಹನಾಜ್ ಬರಲಿಲ್ಲ. ಮರುದಿನವೂ ಬರಲಿಲ್ಲ. ಮಕ್ಕಳ ಯಕ್ಷಗಾನದ ಆಟ ಬರುವ ಭಾನುವಾರವೇ ಇತ್ತು. ಮೊದಲ ಪ್ರವೇಶವೇ ಅವಳದು.

ಲೋಲಾಕ್ಷಿ ತೌಫೀಕನ ಅಂಗಡಿಗೆ ಓಡಿದಳು. ಅವನು ಹೊಲಿಗೆ ನಿಲ್ಲಿಸಿ ಸ್ಟೂಲು ಮುಂದಿಟ್ಟ. ಮೆಹನಾಜ್ ಪರದೆಯ ಹಿಂದಿದ್ದಳು, ಅವಳ ಪಾದ ಕಾಣುತ್ತಿತ್ತು.

"ನಿಮ್ಮ ಗಣೇಶ್‌ಜಿ ಬಗ್ಗೆ ನನ್ನ ತಕರಾರಿಲ್ಲ ಆಂಟಿ," ಅಂದ ತೌಫೀಕ್. "ಆ ಜಾಗ ಹಾಲ್ ಆಗಿದ್ದಾಗ ನಾನೇ ಇವಳನ್ನು ಕೈಹಿಡಿದು ಕರೆದುಕೊಂಡು ಬಂದೆ. ಈಗ ಎಲ್ಲರೂ ಮಂದಿರ ಅಂತಿದ್ದಾರೆ. ನಾಳೆ ಯಾರಾದರೂ ಇವಳನ್ನು ನಿಲ್ಲಿಸಿ, ನಿನಗೆ ಇಲ್ಲೇನು ಕೆಲಸ ಅಂತ ಕೇಳಿದರೆ? ಮಗುವಿನ ಕಿವಿಗೆ ಆ ಮಾತು ಬೀಳಬಾರದು."

ಲೋಲಾಕ್ಷಿಗೆ ನಾಚಿಕೆಯಾಯಿತು. ಕಸ ಓಡಿಸಲು ಹೋಗಿ ಮಗುವನ್ನೇ ಓಡಿಸಿದೆನಲ್ಲ ಎಂದು ಮನೆಗೆ ಬಂದು ಅತ್ತಳು.

"ಮಾಡಿದ್ದುಣ್ಣೋ ಮಾರಾಯ," ಎಂದು ರಮಾನಾಥ ಶುರು ಮಾಡಿದವನು ಅವಳ ಮುಖ ನೋಡಿ ಅಡಿಗೆಮನೆಗೆ ಹೋದ. ಕಾಫಿ ತಂದುಕೊಟ್ಟು ಮೆತ್ತಗೆ ಕೇಳಿದ. "ಅಲ್ಲ ಇವಳೇ, ಮೇಳದಲ್ಲಿ ಗಣಪತಿಯನ್ನು ಎಲ್ಲಿ ಇಡುತ್ತಿದ್ದರು? ಆಟ ಆಡುವಲ್ಲಿ ನಾನು ಯಾವತ್ತೂ ನೋಡಿದ ನೆನಪಿಲ್ಲ."

ಲೋಲಾಕ್ಷಿ ಲೋಟ ಕೆಳಗಿಟ್ಟಳು. ಅಯ್ಯೋ ದೇವರೇ! ಗಣಪತಿ ಇರುವುದು ಚೌಕಿಯಲ್ಲಿ. ವೇಷದವರು ಬಣ್ಣ ಹಚ್ಚಿಕೊಳ್ಳುವ ಮನೆ ಅದು. ಅಲ್ಲಿ ಪೂಜೆ ಮುಗಿಸಿ, ಅಲ್ಲಿಂದ ಎದ್ದು ರಂಗಸ್ಥಳಕ್ಕೆ ಬರಬೇಕು. ಮದ್ದಳೆಗಾರರ ಮಗಳಾಗಿ ಚೌಕಿಯ ದೇವರನ್ನು ರಂಗಸ್ಥಳದಲ್ಲಿ ತಂದು ಕೂರಿಸಿದ್ದಳು!

ಮರುದಿನ ಆರತಿಯ ಹೊತ್ತಿಗೆ ಎಲ್ಲರೆದುರು ದುಬೆಜಿಗೆ ಕೈಮುಗಿದಳು. "ಪಂಡಿತ್‌ಜಿ, ನನ್ನಿಂದ ತಪ್ಪಾಗಿದೆ. ಇವನು ಮೇಳದ ಗಣಪತಿ, ತಿರುಗಾಟದ ದೇವರು. ಕುಣಿಯುವ ಜಾಗದಲ್ಲಿ ಇವನು ಇರಬಾರದು. ಬಣ್ಣದ ಮನೆಯಲ್ಲಿ ಇರಬೇಕು. ಆ ಮನೆ ನನ್ನದೇ, ನಾಲ್ಕು ಬಾಗಿಲು ಆಚೆ."

ಗುಸುಗುಸು ಎದ್ದಿತು. ಕೂತ ದೇವರನ್ನು ಕದಲಿಸುವುದಾ ಎಂದು ಯಾರೋ ಸಿಡುಕಿದರು. ದುಬೆಜಿ ಮುಖ ಸಪ್ಪಗೆ ಮಾಡಿದರು. ಎಷ್ಟೋ ವರ್ಷದ ಮೇಲೆ ಜನ ಅವರಿಗೆ ನಮಸ್ಕಾರ ಹೇಳತೊಡಗಿದ್ದರು ಪಾಪ. ಅದು ಲೋಲಾಕ್ಷಿಗೆ ತಿಳಿಯದ್ದೇನಲ್ಲ.

"ಚೌಕಿಯ ಪೂಜೆ ನಿಮ್ಮದೇ," ಅಂದಳು. "ನೀವು ಪ್ರಸಾದ ಕೊಡದೆ ಒಂದು ಮಗುವೂ ಗೆಜ್ಜೆ ಕಟ್ಟುವ ಹಾಗಿಲ್ಲ."

ದುಬೆಜಿ ಗೂಡಿನ ಪಕ್ಕದಿಂದ ಎದ್ದರು. "ಅಚ್ಛಾ, ನಿಮ್ಮ ಕಡೆಯ ಪದ್ಧತಿ ಹಾಗಾದರೆ ಹಾಗೇ ಆಗಲಿ," ಎಂದು ಶಾಲು ತಲೆಗೆ ಸುತ್ತಿ ಗಣಪತಿಯನ್ನು ತಾವೇ ಹೊತ್ತರು. ಗಂಟೆಯೂ ಹಾರವೂ ಜನವೂ ಹಿಂದಿನಿಂದ ಬಂದವು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮಾರನೆಯ ದಿನ ವೇದಿಕೆಯ ಮೇಲೆ ಒಂದು ಕಸದ ಚೀಲ ಬಂದು ಕೂತಿತು ನಿಜ. ಮಕ್ಕಳು ಅದರ ಒಡತಿಯನ್ನು ಪತ್ತೆಹಚ್ಚಿ ಅವಳ ಹೊಸಿಲಿಗೇ ಇಟ್ಟುಬಂದರು. ಆಮೇಲೆ ಬರಲಿಲ್ಲ.

ಲೋಲಾಕ್ಷಿ ತೌಫೀಕನಿಗೆ ಸುದ್ದಿ ಮುಟ್ಟಿಸಿದಳು. ಅವನು "ನೋಡೋಣ ಆಂಟಿ," ಎಂದನಷ್ಟೆ.

ಭಾನುವಾರ ಸಂಜೆ ದೆಹಲಿಯ ಅಂಚಿನ ಇಂದಿರಾಪುರಂನಿಂದ ಕನ್ನಡದ ಹುಡುಗರು ಚಂಡೆ ಮದ್ದಳೆ ಹೊತ್ತು ಬಂದರು. ಲೋಲಾಕ್ಷಿಯ ಮನೆಯ ಮುಂದಿನ ಕೋಣೆಯೇ ಚೌಕಿ. ಬಾಗಿಲ ಬಳಿ ದುಬೆಜಿ ಲಡ್ಡು ಹಿಡಿದು ಕೂತಿದ್ದರು. ಎಲ್ಲ ಮಕ್ಕಳ ಮುಖಕ್ಕೂ ಬಣ್ಣವಾಯಿತು. ಮೆಹನಾಜಳ ಕಿರೀಟ ಮಾತ್ರ ಹಾಗೇ ಕೂತಿತ್ತು. ಬೇರೆ ಹುಡುಗಿಗೆ ತೊಡಿಸೋಣವೇ ಎಂದು ರಮಾನಾಥ ಕೇಳಿದ. ಲೋಲಾಕ್ಷಿ ಕಿರೀಟವನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಅಷ್ಟರಲ್ಲಿ ತೌಫೀಕ್ ಮಗಳ ಕೈಹಿಡಿದು ಬಾಗಿಲಿಗೆ ಬಂದ. ಮೆಹನಾಜ್ ಹೊಸಿಲಿನ ಹೊರಗೇ ನಿಂತಳು. ದುಬೆಜಿ ಕನ್ನಡಕ ಏರಿಸಿ ಅವಳನ್ನು ದಿಟ್ಟಿಸಿದರು.

"ಏನು ಹುಡುಗಿ, ಇಲ್ಲೇ ನಿಂತೆ?" ದುಬೆಜಿ ಗದರಿದರು. "ಮೊದಲ ಪ್ರವೇಶ ನಿನ್ನದೇ ಅಂತೆ, ಮುಖಕ್ಕೆ ಬಣ್ಣವೂ ಇಲ್ಲ! ಚಲೋ ಚಲೋ, ಒಳಗೆ ನಡಿ." ಕೈಗೊಂದು ಲಡ್ಡು ಹಾಕಿದರು. ಮೆಹನಾಜ್ ಅಪ್ಪನ ಮುಖ ನೋಡಿದಳು. ತೌಫೀಕ್ ಅವಳ ಕೈಬಿಟ್ಟ. ಬಿಟ್ಟವನು ತಾನೂ ಒಳಬಂದು, ಕಚ್ಚೆಯ ಹೊಲಿಗೆ ಸಡಿಲವಾಗಿದೆ ಎಂದು ಸೂಜಿ ಕೇಳಿದ.

ಚಂಡೆ ಮೊಳಗಿತು. ವೇದಿಕೆಯ ಪಕ್ಕ ತಾಳ ಹಿಡಿದು ಕೂತ ಲೋಲಾಕ್ಷಿಯ ಎದುರಿಗೆ ಮೆಹನಾಜ್ ಪರದೆ ಸರಿಸಿ ಬಂದಳು. ಮೊಣಕಾಲು ಮಡಚಿ ಒಂದು ಸುತ್ತು, ಇನ್ನೊಂದು ಸುತ್ತು. ಗಲ್ಲಿಯ ಜನ ಹೋ ಎಂದು ಕೂಗಿದರು. ತೌಫೀಕ್ ಎಲ್ಲರಿಗಿಂತ ಜೋರಾಗಿ ಕೂಗಿದ. ಲೋಲಾಕ್ಷಿಗೆ ಕಣ್ಣು ತುಂಬಿ ಏನೂ ಕಾಣದಾಯಿತು, ಕೈ ನಿಂತೇಹೋಯಿತು.

ಮೆಹನಾಜ್ ತಿರುಗುತ್ತಲೇ ಅವಳತ್ತ ಕಣ್ಣು ಕೆಕ್ಕರಿಸಿದಳು.

"ಆಂಟಿ, ತಾಳ!"