ಅಕ್ಷರ ಬಾರದ ಬೆಶ್ಕೆನ್ ಉಳಿಸಿದ ಪುಸ್ತಕ

ಕ್ರೈಸ್ತ ಮಠದಲ್ಲಿ ಬೆಳಗಿನ ಪ್ರಾರ್ಥನೆ ಇನ್ನೂ ಮುಗಿದಿಲ್ಲ. ಕೆಳಗೆ ಹೊಳೆದಂಡೆಯಲ್ಲಿ ಬೆಶ್ಕೆನ್ ಆಗಲೇ ಸುಣ್ಣದ ತೊಟ್ಟಿಯಿಂದ ಕರುವಿನ ತೊಗಲೊಂದನ್ನು ಎಳೆದು, ಮರದ ಚೌಕಟ್ಟಿಗೆ ಬಿಗಿದು, ಬಾಗಿದ ಕತ್ತಿಯಿಂದ ಹೆರೆಯುತ್ತಿದ್ದಾರೆ. ಆಗಾಗ ಕೈ ನಿಲ್ಲಿಸಿ, ಬೆರಳಿನಿಂದ ತಟ್ಟಿ, ಅದರ ಸದ್ದು ಕೇಳುತ್ತಾರೆ. ಬಿಗಿ ಹೆಚ್ಚಾದರೆ ತೊಗಲು ಹರಿಯುತ್ತದೆ.

ಮೇಲೆ ಮಠದ ವಿದ್ಯಾಶಾಲೆಯಲ್ಲಿ ಗ್ರೀಕ್ ಗ್ರಂಥಗಳು ಜಾರ್ಜಿಯನ್ ನುಡಿಗೆ ಇಳಿಯುತ್ತವೆ. ವ್ಯಾಕರಣ, ತರ್ಕ, ನಕ್ಷತ್ರಗಳ ಪಾಠ ನಡೆಯುತ್ತದೆ. ಅಲ್ಲಿನ ಪಂಡಿತರ ಹೆಸರು ಅರಮನೆಯವರೆಗೂ ಗೊತ್ತು. ಅವರು ಬರೆಯುವ ತೊಗಲನ್ನು ಮೂವತ್ತೊಂದು ವರ್ಷಗಳಿಂದ ಹದ ಮಾಡುತ್ತಿರುವ ಬೆಶ್ಕೆನ್ ಹೊಳೆಯಾಚೆ ಯಾರಿಗೂ ಗೊತ್ತಿಲ್ಲ. ದಿನಕ್ಕೆ ಮೂರು ತೊಗಲು. ದೊಡ್ಡ ಗ್ರಂಥವೊಂದಕ್ಕೆ ನೂರಿಪ್ಪತ್ತು. ಸುಣ್ಣ ತಿಂದು ಉಗುರುಗಳೇ ಉಳಿದಿಲ್ಲ.

"ಇವರನ್ನ ಕಟ್ಕೊಂಡ ಮೇಲೆ ಹೂವಿನ ವಾಸನೆನೇ ಮರೆತೋಯ್ತು ನಂಗೆ," ಎಂದು ಹೆಂಡತಿ ಗ್ವಾಂತ್ಸ ಛೇಡಿಸುತ್ತಾರೆ.

ಹೋದ ಚಳಿಗಾಲದಲ್ಲಿ ದನಗಳಿಗೆ ರೋಗ ಬಂತು. ಸೀಮೆಯಲ್ಲಿ ಒಳ್ಳೆಯ ತೊಗಲೇ ಸಿಗದೆ ಅನುವಾದವೊಂದು ಅರ್ಧಕ್ಕೆ ನಿಂತಿತು. ಯಾರೂ ತೆರೆಯದ ಹಳೆಯ ಪುಸ್ತಕವೊಂದರ ಅಕ್ಷರ ಹೆರೆದು, ಹಾಳೆ ಖಾಲಿ ಮಾಡಿಸಿ ತರಲು ಮಠದ ಹಿರಿಯರು ಲಿಪಿಕಾರ ಸನ್ಯಾಸಿ ನಿಕ್ರಾ ಅವರನ್ನು ಹೊಳೆದಂಡೆಗೆ ಕಳುಹಿಸಿದರು. ಬೆಶ್ಕೆನ್ ಪುಸ್ತಕ ಬಿಡಿಸಿ ನೋಡಿ, ಕತ್ತಿ ಕೆಳಗಿಟ್ಟರು.

"ಸ್ವಾಮಿ, ನಂಗೆ ಓದಕ್ಕೆ ಬರಲ್ಲ. ಆದ್ರೆ ಇದನ್ನ ಬರೆಯೋಕೆ ಯಾರೋ ಪುಣ್ಯಾತ್ಮ ಕಣ್ಣು ಸವೆಸಿದಾನೆ. ನನ್ನ ಕೈಲಿ ಆಗಲ್ಲ."

"ಮತ್ತೆ ಹೊಸದನ್ನ ನಿನ್ನ ಬೆನ್ನ ಮೇಲೆ ಬರೀಲೇನಯ್ಯ?"

"ಹತ್ತು ದಿನ ಕೊಡಿ."

ಮೊಣಕಾಲುದ್ದ ಹಿಮದಲ್ಲಿ ಅವರು ಮೇಲಿನ ಕುರುಬರ ಹಟ್ಟಿಗಳಿಗೆ ಹತ್ತಿದರು. ಮನೆಮನೆಯ ಬಾಗಿಲಲ್ಲಿ ನಿಂತು ಬೇಡಿದರು. ಒಂಬತ್ತನೆಯ ದಿನ ಬೆನ್ನ ಮೇಲೆ ನಲವತ್ತಮೂರು ಕುರಿಮರಿ ತೊಗಲು ಹೊತ್ತು ಕುಂಟುತ್ತ ಇಳಿದರು. ಎಡಗಾಲಿನ ಎರಡು ಬೆರಳುಗಳನ್ನು ಹಿಮ ತಿಂದುಹಾಕಿತ್ತು. ಅಂದು ನಿಕ್ರಾ ತಾವೇ ಬಿಸಿನೀರು ಕಾಯಿಸಿ, ಆ ಕಾಲು ತೊಳೆದರು.

ಈ ವಸಂತದಲ್ಲಿ ಅನುವಾದ ಮುಗಿದಿದೆ. ಕೊನೆಯ ಹಾಳೆಯಲ್ಲಿ, ಪುಸ್ತಕಕ್ಕೆ ದುಡಿದವರಿಗಾಗಿ ಓದುಗರ ಪ್ರಾರ್ಥನೆ ಕೋರುವಲ್ಲಿ, ಬೆಶ್ಕೆನ್ ಹೆಸರನ್ನೂ ಬರೆಯಬೇಕೆಂಬುದು ನಿಕ್ರಾ ಅವರ ಹಟ.

ಕತ್ತಿ ಮಸೆಯುತ್ತಲೇ ಬೆಶ್ಕೆನ್ ತಲೆಯಾಡಿಸುತ್ತಾರೆ. "ಅದೆಲ್ಲ ಬೇಡ ಸ್ವಾಮಿ. ಆ ಹಳೇ ಪುಸ್ತಕದಲ್ಲಿ ಏನಿದೆ ಅಂತ ಒಂದ್ಸಲ ಓದಿ ಹೇಳಿ, ಸಾಕು."

"ಬರೀ ಉಪವಾಸದ ದಿನಗಳ ಪಟ್ಟಿ ಕಣಯ್ಯ ಅದು."

"ಇರ್ಲಿ ಬಿಡಿ. ಕೂತು ಕೇಳ್ತೀನಿ."