ಅತ್ತೆಯ ಮೂತ್ರಪಿಂಡಕ್ಕೊಂದು ಗ್ರಾಫು

ತೊಂಬತ್ತರ ದಶಕದ ಮೊದಲಲ್ಲಿ ನಾನು ಆಳಂದದಲ್ಲಿ ಗಣಿತದ ಮೇಷ್ಟ್ರು. ಲೆಕ್ಕಕ್ಕೆ ಸಿಗದ್ದು ಲೋಕದಲ್ಲಿ ಯಾವುದೂ ಇಲ್ಲವೆಂಬ ಭ್ರಮೆ ಆಗ ನನಗೆ ಗಟ್ಟಿಯಾಗಿತ್ತು.

ಹಿರೋಳ್ಳಿಯ ನನ್ನ ಸೋದರತ್ತೆಗೆ ಎಪ್ಪತ್ತು ದಾಟಿತ್ತು. ಹೊಟ್ಟೆನೋವೆಂದು ಸೊಲ್ಲಾಪುರದಲ್ಲಿ ಸ್ಕ್ಯಾನ್ ಮಾಡಿಸಿದೆ. ನೋವಿಗೆ ಕಾರಣ ಬರೀ ಗ್ಯಾಸು. ಆದರೆ ಬಲ ಮೂತ್ರಪಿಂಡದಲ್ಲಿ ಎರಡು ಸೆಂಟಿಮೀಟರಿನ ಗಡ್ಡೆಯೊಂದು ಕಂಡಿತು.

"ಇವರ ಹಾರ್ಟ್ ಭಾಳ ವೀಕ್ ಅದ, ಆಪರೇಷನ್ ಬ್ಯಾಡ. ಆರು ತಿಂಗಳಿಗೊಮ್ಮೆ ಅಳದು ನೋಡೋಣು. ಜೋರ್ ಬೆಳ್ಯಾಕತ್ರ ಮುಂದಿನ ವಿಚಾರ" ಎಂದರು ಡಾಕ್ಟರು.

ಆರು ತಿಂಗಳ ಮೇಲೆ ಎರಡನೆಯ ಸ್ಕ್ಯಾನನ್ನು ನನ್ನ ಅನುಕೂಲಕ್ಕೆಂದು ಗುಲಬರ್ಗಾದಲ್ಲಿ ಮಾಡಿಸಿದೆ. ಎರಡೂವರೆ ಸೆಂಟಿಮೀಟರ್ ಎಂದು ವರದಿ ಬಂತು. ಮನೆಗೆ ಬಂದವನೇ ಗ್ರಾಫ್ ಹಾಳೆಯಲ್ಲಿ ಎರಡು ಚುಕ್ಕಿ ಇಟ್ಟೆ, ಆರು ತಿಂಗಳಿಗೊಮ್ಮೆ ಕಾಲುಭಾಗ ಹೆಚ್ಚುತ್ತದೆಂದು ಗೆರೆಯನ್ನು ಮೇಲಕ್ಕೆ ಬಾಗಿಸಿ ಎಳೆದೆ. ಹತ್ತು ವರ್ಷಕ್ಕೆ ಗಡ್ಡೆ ಅತ್ತೆಗಿಂತ ಎತ್ತರವಾಗುವುದಿತ್ತು. ಅಷ್ಟಾದರೂ ಲೆಕ್ಕ ತಪ್ಪಿರಬಹುದೆಂದು ನನಗೆ ಹೊಳೆಯಲಿಲ್ಲ. ಹೆಂಡತಿಯ ಎದುರು ಅತ್ತು, ಬಂಧುಗಳಿಗೆಲ್ಲ ಕಾಗದ ಬರೆದೆ.

ಅಫಜಲಪುರದಿಂದ, ಜೇವರ್ಗಿಯಿಂದ ಜನ ಹಣ್ಣು ಹಿಡಿದು ಹಿರೋಳ್ಳಿಗೆ ಬಂದರು; ನಾನು ಗ್ರಾಫ್ ಹಿಡಿದು ಹೋದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದಳು.

"ಯಾಕ್ರಿ, ಎಲ್ಲಾರೂ ಕೂಡಿ ಬಂದೀರಿ?"

ಎಲ್ಲರೂ ನನ್ನ ಮುಖ ನೋಡಿದರು. ನಾನು ಗಂಟಲು ಸರಿಮಾಡಿಕೊಂಡು ಗ್ರಾಫ್ ಬಿಚ್ಚಿ ವಿವರಿಸಿದೆ. ಅತ್ತೆ ಹಿಟ್ಟಿನ ಕೈ ಒರೆಸಿಕೊಂಡು ಪೂರ್ತಿ ಕೇಳಿದಳು.

"ಎರಡ ಸಲ ಅಳದಿದಿ, ಅದೂ ಎರಡು ಊರಾಗ. ಅಷ್ಟಕ್ಕ ನನ್ನ ಕಳಿಸಾಕ ಮಂದಿ ಕೂಡಿಸಿದೇನ್ಲೇ?"

ಬಂದವರಿಗೆ ಅವಳೇ ಊಟಕ್ಕೆ ಬಡಿಸಿದಳು. ನನಗೆ ಮಾತ್ರ ಯಾರೂ ಇನ್ನೊಂದು ರೊಟ್ಟಿ ಬೇಕೇನು ಎನ್ನಲಿಲ್ಲ.

ಮರುವಾರ ಸೊಲ್ಲಾಪುರದ ಡಾಕ್ಟರು ಮತ್ತೆ ಅಳೆದರು. ಎರಡರ ಮೇಲೆ ಒಂದು ಕೂದಲೆಳೆ. "ಬ್ಯಾರೆ ಮಿಷನ್, ಬ್ಯಾರೆ ಕೈ. ಅಷ್ಟು ಫರಕ್ ಬರ್ತದ್ರಿ."

"ಹಂಗಾರ ಚಿಂತಿ ಇಲ್ಲಲ್ರಿ?" ಎಂದೆ.

"ಹಂಗೂ ಅನ್ನಾಕ ಬರಂಗಿಲ್ರಿ. ಸಾವಕಾಶ ಬೆಳೆಯೋದೂ ಒಮ್ಮೊಮ್ಮಿ ಕೆಟ್ಟದ್ದಿರ್ತದ. ನೋಡ್ಕೋತ ಇರಬೇಕು."

ಗಣಿತದ ಮೇಷ್ಟ್ರಿಗೆ ಇದಕ್ಕಿಂತ ಕ್ರೂರವಾದ ಉತ್ತರವಿಲ್ಲ.

ಮುಂದಿನ ನಾಲ್ಕು ವರ್ಷ ಅಲ್ಲಿಗೇ ಹೋದೆವು. ಗಡ್ಡೆ ಹೇಳಿಕೊಳ್ಳುವಷ್ಟು ಬೆಳೆಯಲಿಲ್ಲ. ಪ್ರತಿ ಸಲ ವರದಿ ತೆರೆದು ನಾನು ಮೊದಲು ಸೆಂಟಿಮೀಟರಿನ ಅಂಕಿ ಹುಡುಕುತ್ತಿದ್ದೆ. ಅತ್ತೆ ಬೆಂಚಿನ ಮೇಲೆ ಪಕ್ಕದ ಹೆಂಗಸಿನ ಜತೆ ಮರಾಠಿಯಲ್ಲಿ ಸೊಸೆಯಂದಿರ ಸುದ್ದಿಯಲ್ಲಿ ಮುಳುಗಿರುತ್ತಿದ್ದಳು. ಕೊನೆಗೊಂದು ಬೆಳಿಗ್ಗೆ ಚಹಾ ಕುಡಿಯುತ್ತ ಕೂತವಳ ಹೃದಯ ನಿಂತಿತು. ಅದರ ಮೇಲೆ ನಾನು ಕಣ್ಣೇ ಇಟ್ಟಿರಲಿಲ್ಲ.